ಪೇಟೆಗೆ ಹೋಗಿ ಸಂಜೆಗೆ ವಾಪಸ್: ಸಣ್ಣ ನಗರಗಳು ಮಾಡುವ ಕೆಲಸ ಏನು?

2011ರ ಜನಗಣತಿ ಪ್ರಕಾರ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ. ಅದೇ ಹೊತ್ತಿಗೆ ಬೆಂಗಳೂರು 84 ಲಕ್ಷ ದಾಟಿತ್ತು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ಶಿವಮೊಗ್ಗ ಲೆಕ್ಕಕ್ಕೇ ಇಲ್ಲ ಅನ್ನಿಸುತ್ತದೆ. ಬೆಂಗಳೂರಿನ ಒಂದು ಮೂಲೆಯಲ್ಲಿ ಇಡೀ ಊರು ಹಿಡಿಸಿಬಿಡುತ್ತದೆ.

ಆದರೆ ಸಣ್ಣ ನಗರವನ್ನು ರಾತ್ರಿ ಅಲ್ಲಿ ಮಲಗುವವರ ಲೆಕ್ಕದಲ್ಲಿ ಅಳೆಯಬಾರದು. ಹಗಲು ಅಲ್ಲಿಗೆ ಬಂದು ಹೋಗುವವರ ಲೆಕ್ಕ ಹಾಕಬೇಕು. ಜಿಲ್ಲೆಯಲ್ಲಿ ಏಳು ತಾಲ್ಲೂಕು, 17.5 ಲಕ್ಷ ಜನ. ತೀರ್ಥಹಳ್ಳಿಯವರಿಗೆ ದೊಡ್ಡ ಡಾಕ್ಟರನ್ನು ಕಾಣಬೇಕು ಅಂದರೆ, ಹೊಸನಗರದವರಿಗೆ ಅಡಿಕೆ ಮಾರಬೇಕು ಅಂದರೆ, ಸೊರಬದವರಿಗೆ ಡಿ.ಸಿ. ಆಫೀಸಿನಲ್ಲಿ ಕೆಲಸ ಇದ್ದರೆ, ಶಿಕಾರಿಪುರದ ಹುಡುಗಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದರೆ, ದಾರಿ ಬಂದು ಸೇರುವುದು ಶಿವಮೊಗ್ಗಕ್ಕೆ. ಪಕ್ಕದ ಜಿಲ್ಲೆಗಳವರೂ ಬರುತ್ತಾರೆ. ಹೊನ್ನಾಳಿ, ಚನ್ನಗಿರಿ 1997ರಲ್ಲಿ ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾಯಿತು, ಅಲ್ಲಿನ ಎಷ್ಟೋ ಜನ ಹತ್ತುವ ಬಸ್ಸು ಬದಲಾಗಲಿಲ್ಲ. ಕೊಪ್ಪ, ಎನ್.ಆರ್. ಪುರ, ತರೀಕೆರೆ ಕಡೆಯವರದ್ದೂ ಸುಮಾರಾಗಿ ಇದೇ ಕಥೆ.

ಬೆಳಗ್ಗೆ ಹೊರಟು, ಕೆಲಸ ಮುಗಿಸಿ, ಸಂಜೆಗೆ ಮನೆ ಸೇರಬೇಕು. ಕೊಟ್ಟಿಗೆಯಲ್ಲಿ ಹಸು ಇದೆ, ಅಂಗಳದಲ್ಲಿ ಒಣಗಿಸಿದ ಅಡಿಕೆ ಇದೆ, ಮನೆಯಲ್ಲಿ ವಯಸ್ಸಾದವರಿದ್ದಾರೆ. ರಾತ್ರಿ ಹೊರಗೆ ಉಳಿಯೋದು ಅಂದರೆ ದೊಡ್ಡ ಖರ್ಚು, ದೊಡ್ಡ ರಗಳೆ. ಒಂದು ಊರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ದೂರದಲ್ಲಿ ಏನೇನು ಸಿಗುತ್ತದೆ ಅನ್ನೋದರ ಮೇಲೆ ಆ ಊರಿನ ಜನರ ಬದುಕು ಎಷ್ಟು ಸಲೀಸು ಅನ್ನೋದು ನಿಂತಿರುತ್ತದೆ. ಸಣ್ಣ ನಗರದ ಅಸಲಿ ಕೆಲಸ ಇದು. ಉಳಿದದ್ದೆಲ್ಲ ಇದರಿಂದ ಹುಟ್ಟುವಂಥದ್ದು.

ಯಾವ ಊರಿನಲ್ಲಿ ಯಾವ ಅಂಗಡಿ?

ಜರ್ಮನಿಯ ಭೂಗೋಳಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಇದಕ್ಕೊಂದು ಲೆಕ್ಕಾಚಾರ ಕೊಟ್ಟ. ಅವನು ನೋಡಿದ್ದು ದಕ್ಷಿಣ ಜರ್ಮನಿಯ ಊರುಗಳನ್ನು. ಆದರೆ ಮಾತು ನಮ್ಮ ಕಡೆಗೂ ಒಪ್ಪುತ್ತದೆ. ಅವನ ಪ್ರಕಾರ ಪ್ರತಿ ಅಂಗಡಿಗೂ ಸೇವೆಗೂ ಎರಡು ಮಿತಿ ಇರುತ್ತದೆ. ಒಂದು, ಅದು ಮುಚ್ಚದೆ ನಡೆಯಬೇಕಾದರೆ ಕನಿಷ್ಠ ಎಷ್ಟು ಗಿರಾಕಿ ಬೇಕು ಅನ್ನೋದು. ಇನ್ನೊಂದು, ಅದಕ್ಕಾಗಿ ಜನ ಎಷ್ಟು ದೂರ ಬಂದಾರು ಅನ್ನೋದು.

ಕಿರಾಣಿ ಅಂಗಡಿಗೆ ಐವತ್ತು ಮನೆ ಸಾಕು. ಆದರೆ ಬೆಂಕಿಪೊಟ್ಟಣ ತರೋಕೆ ಯಾರೂ ಹತ್ತು ಮೈಲಿ ನಡೆಯೋದಿಲ್ಲ. ಹಾಗಾಗಿ ಕಿರಾಣಿ ಅಂಗಡಿ ಪ್ರತಿ ಹಳ್ಳಿಯಲ್ಲೂ ಇರುತ್ತದೆ. ಮೋಟರ್ ವೈಂಡಿಂಗ್ ಮಾಡುವವನಿಗೆ ಒಂದು ಹೋಬಳಿಯಷ್ಟು ಪಂಪ್‌ಸೆಟ್ ಬೇಕು. ಅವನು ರಿಪ್ಪನ್‌ಪೇಟೆಯಂಥ ನಾಲ್ಕು ದಾರಿ ಕೂಡುವ ಊರಿನಲ್ಲಿ ಕೂರುತ್ತಾನೆ. ಹೃದಯದ ಡಾಕ್ಟರಿಗೆ ಲಕ್ಷಗಟ್ಟಲೆ ಜನ ಬೇಕು. ಅಂಥವರು ಬರೀ ತೀರ್ಥಹಳ್ಳಿ ತಾಲ್ಲೂಕನ್ನು ನಂಬಿ ಬೋರ್ಡ್ ಹಾಕೋದು ಕಷ್ಟ. ಶಿವಮೊಗ್ಗಕ್ಕೆ ಬರುತ್ತಾರೆ. ಅಂಗಾಂಗ ಕಸಿ ಮಾಡುವ ಆಸ್ಪತ್ರೆಗೆ ಅರ್ಧ ರಾಜ್ಯವೇ ಬೇಕು. ಅದು ಬೆಂಗಳೂರಿಗೆ ಹೋಗುತ್ತದೆ.

ಈ ಏಣಿಯಲ್ಲಿ ನಡುವಿನ ಮೆಟ್ಟಿಲು ಮುರಿದರೆ ಏನಾಗುತ್ತದೆ ಅನ್ನೋದು ಮುಖ್ಯ. ಹೃದಯದ ಡಾಕ್ಟರು ಶಿವಮೊಗ್ಗದಲ್ಲಿ ಇಲ್ಲ ಅಂದುಕೊಳ್ಳಿ. ಆಗ ಹೊಸನಗರದ ರೋಗಿ ಮಂಗಳೂರು, ಮಣಿಪಾಲ, ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಜೊತೆಗೆ ಇಬ್ಬರು, ಲಾಡ್ಜು, ಊಟ, ತೋಟದ ಕೆಲಸಕ್ಕೆ ರಜ. ಎಷ್ಟೋ ಜನ ಹೋಗೋದೇ ಇಲ್ಲ. 'ಗ್ಯಾಸ್ಟ್ರಿಕ್ ಇರಬೇಕು ಬಿಡಿ' ಅಂತ ಮನೆಯಲ್ಲೇ ಉಳಿಯುತ್ತಾರೆ.

ಮಂಗನ ಕಾಯಿಲೆಯ ಉದಾಹರಣೆ ಇನ್ನೂ ಸ್ಪಷ್ಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಇಂಗ್ಲಿಷಿನಲ್ಲಿ ಕಾಡಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ಉಣುಗು ಕಚ್ಚಿ ಬರುತ್ತದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಜೋರಾಗಿತ್ತು. ಇಂಥ ಜ್ವರದಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಎಷ್ಟು ಬೇಗ ಬರುತ್ತದೆ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ. ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಗಿ ಬರೋದಕ್ಕೂ ಶಿವಮೊಗ್ಗದ ವೈರಾಣು ಪ್ರಯೋಗಾಲಯದಲ್ಲೇ ನೋಡೋದಕ್ಕೂ ಎಷ್ಟು ವ್ಯತ್ಯಾಸ ಅಂತ ರೋಗಿಯ ಮನೆಯವರನ್ನು ಕೇಳಬೇಕು. ಕಾಡಿನಂಚಿನ ಕಾಯಿಲೆಗೆ ಪರಿಣತಿ ಕಾಡಿನಂಚಿನ ನಗರದಲ್ಲೇ ಬೆಳೆಯಬೇಕಾಗುತ್ತದೆ. ಬೆಂಗಳೂರಿನ ಆಸ್ಪತ್ರೆಗೆ ವರ್ಷಕ್ಕೊಮ್ಮೆಯೂ ಇಂಥ ರೋಗಿ ಬರಲಿಕ್ಕಿಲ್ಲ.

ಕ್ರಿಸ್ಟಾಲರ್‌ನ ಲೆಕ್ಕ ಸಮತಟ್ಟು ನೆಲಕ್ಕೆ ಹೊಂದುವಂಥದ್ದು. ಮಲೆನಾಡಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಕೆಟ್ಟಿರಿ. ಆಷಾಢದ ಮಳೆ ಹಿಡಿದಾಗ, ಮರ ಬಿದ್ದು ರಸ್ತೆ ಬಂದ್ ಆದಾಗ, ತೀರ್ಥಹಳ್ಳಿಯ 60 ಕಿಲೋಮೀಟರು ಬಯಲುಸೀಮೆಯ 150ಕ್ಕೆ ಸಮ. ಹಾಗಾಗಿ ಇಲ್ಲಿ ಸಾಗರ, ತೀರ್ಥಹಳ್ಳಿಯಂಥ ಇನ್ನೂ ಚಿಕ್ಕ ಪೇಟೆಗಳ ಮೇಲೆ ಭಾರ ಜಾಸ್ತಿ.

ಅಡಿಕೆ ದುಡ್ಡು ಎಲ್ಲಿ ಸುತ್ತುತ್ತದೆ?

ವಿನೋಬನಗರದ ಎಪಿಎಂಸಿ ಯಾರ್ಡಿಗೆ ಸುಗ್ಗಿಯ ಕಾಲದಲ್ಲಿ ಒಮ್ಮೆ ಹೋಗಿ ನೋಡಿ. ಅಂಗಡಿಗಳ ಮುಂದೆ ಗೋಣಿಚೀಲ ಬಾಯಿ ಬಿಚ್ಚಿಕೊಂಡು ನಿಂತಿರುತ್ತವೆ. ವ್ಯಾಪಾರಿ ಬಂದು ಚೀಲದೊಳಗೆ ಕೈ ಹಾಕುತ್ತಾನೆ. ಮೇಲಿನದ್ದನ್ನು ನಂಬುವುದಿಲ್ಲ, ತಳದಿಂದ ಒಂದು ಹಿಡಿ ಎತ್ತುತ್ತಾನೆ. ಬಣ್ಣ ನೋಡುತ್ತಾನೆ, ಒಂದನ್ನು ಒಡೆದು ಒಳಗೆ ನೋಡುತ್ತಾನೆ, ಚೊಗರು (ಅಡಿಕೆ ಬೇಯಿಸುವಾಗ ಹಿಡಿಸುವ ಬಣ್ಣ) ಸರಿಯಾಗಿ ಹಿಡಿದಿದೆಯಾ, ಒಣಗಿದೆಯಾ ಅಂತ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ. ಒಂದೇ ತೋಟದ ಅಡಿಕೆಯಾದರೂ ಸರಕಿಗೂ ಗೊರಬಲಿಗೂ ದರದಲ್ಲಿ ಅಜಗಜಾಂತರ. ಟೆಂಡರ್ ಆಗುತ್ತದೆ, ಹಮಾಲರು ತೂಕಕ್ಕೆ ಹಾಕುತ್ತಾರೆ, ಮಂಡಿಯವರು ಚೀಟಿ ಬರೆಯುತ್ತಾರೆ.

ಮಂಡಿ ಅಂದರೆ ಮಾರುವ ಜಾಗ ಅಷ್ಟೇ ಆಗಿದ್ದರೆ ಇಷ್ಟು ಹೇಳುವ ಅಗತ್ಯ ಇರಲಿಲ್ಲ. ಅದು ಬ್ಯಾಂಕೂ ಹೌದು. ಮಗಳ ಮದುವೆ, ಮಗನ ಕಾಲೇಜು ಫೀಸು, ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರ ಕೂಲಿ, ಇವಕ್ಕೆಲ್ಲ ಬೆಳೆ ಬರುವ ಮೊದಲೇ ಮಂಡಿಯಿಂದ ಮುಂಗಡ ಸಿಗುತ್ತದೆ. ಸಾಲ ಕೊಟ್ಟವನು ಹೇಳಿದ ಕಡೆಯೇ ಅಡಿಕೆ ಹಾಕಬೇಕು ಅನ್ನೋದು ಅದರ ಬೆಲೆ. ಈ ಹಗ್ಗ ಸ್ವಲ್ಪ ಸಡಿಲವಾಗಲಿ ಅಂತಲೇ ಬೆಳೆಗಾರರು ಸೇರಿ 1939ರಲ್ಲಿ ಮ್ಯಾಮ್‌ಕೋಸ್ ಅನ್ನೋ ಅಡಿಕೆ ಮಾರಾಟದ ಸಹಕಾರ ಸಂಘವನ್ನು ಶಿವಮೊಗ್ಗದಲ್ಲಿ ಕಟ್ಟಿದರು. ಸಾಗರದಲ್ಲಿ ಅಂಥದ್ದೇ ಆಪ್ಸ್‌ಕೋಸ್ ಇದೆ. ಒಂದು ಬೆಳೆಯ ಸುತ್ತ ಸಹಕಾರ ಸಂಘ, ಗೋದಾಮು, ಲಾರಿ ಆಫೀಸು, ಗೋಣಿಚೀಲದ ಅಂಗಡಿ, ಸುಲಿಯುವ ಯಂತ್ರ ಮಾಡುವ ವರ್ಕ್‌ಶಾಪು ಎಲ್ಲ ಬೆಳೆದು ನಿಂತಿವೆ. ದೇಶದ ಅಡಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ್ದು. ಅದರಲ್ಲಿ ಮಲೆನಾಡಿನ ಕೆಂಪಡಿಕೆ ಉತ್ತರ ಭಾರತದ ಪಾನ್ ಮಸಾಲದವರೆಗೂ ಹೋಗುವುದು ಇಂಥ ಯಾರ್ಡುಗಳ ಮೂಲಕವೇ. (ಒಂದೇ ಬೆಳೆಯನ್ನು, ಅದೂ ಪಾನ್ ಮಸಾಲದ ಬೇಡಿಕೆಯನ್ನು, ಒಂದು ಸೀಮೆ ಇಷ್ಟು ನಂಬಿಕೊಂಡಿರೋದು ನನಗಂತೂ ಸಮಾಧಾನದ ವಿಷಯ ಅಲ್ಲ. ಎಲೆಚುಕ್ಕಿ ರೋಗ ಬಂದ ಮೇಲೆ ಈ ಭಯ ಬೆಳೆಗಾರರಿಗೇ ಹತ್ತಿದೆ.)

ಈಗ ಚೀಟಿ ಹಿಡಿದು ಮಂಡಿಯಿಂದ ಹೊರಬಂದವರ ಹಿಂದೆ ಸ್ವಲ್ಪ ಹೋಗೋಣ. ಗಾಂಧಿಬಜಾರಿನಲ್ಲಿ ಬಟ್ಟೆ, ಪಾತ್ರೆ, ಒಂದಿಷ್ಟು ಚಿನ್ನ. ಪಂಪಿನ ಬಿಡಿಭಾಗ. ಔಷಧಿ. ದುರ್ಗಿಗುಡಿ ಕಡೆ ಒಂದು ಮಸಾಲೆದೋಸೆ. ಆ ಬಟ್ಟೆ ಅಂಗಡಿಯ ಮಾಲೀಕ ಅದೇ ದುಡ್ಡಲ್ಲಿ ಕೆಲಸದವರಿಗೆ ಸಂಬಳ ಕೊಡುತ್ತಾನೆ. ಕೆಲಸದವರು ವಿನೋಬನಗರದಲ್ಲಿ ಬಾಡಿಗೆ ಕಟ್ಟುತ್ತಾರೆ, ತರಕಾರಿ ತಗೊಳ್ತಾರೆ. ತರಕಾರಿಯವನು ಮತ್ತೆ ಹಳ್ಳಿಗೆ ದುಡ್ಡು ಕಳಿಸುತ್ತಾನೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಗುಣಕ ಪರಿಣಾಮ ಅನ್ನುತ್ತಾರೆ. ಲೆಕ್ಕ ಸುಲಭ. ಹೊರಗಿನಿಂದ 100 ರೂಪಾಯಿ ಬಂತು ಅಂದುಕೊಳ್ಳಿ. ಪ್ರತಿ ಕೈ ಬದಲಾದಾಗಲೂ ಅರ್ಧ ಈ ಸೀಮೆಯಲ್ಲೇ ಖರ್ಚಾಗುತ್ತದೆ ಅಂದರೆ 100, ಆಮೇಲೆ 50, 25, 12.50 ಹೀಗೆ ಕೂಡುತ್ತಾ ಹೋದರೆ ಒಟ್ಟು 200 ರೂಪಾಯಿಯ ವಹಿವಾಟು. ಐದರಲ್ಲಿ ಒಂದು ಪಾಲು ಮಾತ್ರ ಇಲ್ಲಿ ಉಳಿದು ಮಿಕ್ಕಿದ್ದು ಹೊರಗೆ ಹೋದರೆ? 100, 20, 4... ಒಟ್ಟು 125 ದಾಟುವುದಿಲ್ಲ. ಬಂದ ದುಡ್ಡು ಎರಡೂ ಸಲ ಅಷ್ಟೇ. ವ್ಯತ್ಯಾಸ ಮಾಡಿದ್ದು ಹತ್ತಿರದಲ್ಲಿ ಖರ್ಚು ಮಾಡೋಕೆ ತಕ್ಕ ಊರು ಇತ್ತಾ ಇಲ್ಲವಾ ಅನ್ನೋದು.

ಈ ಲೆಕ್ಕ ಹಿಡಿದು ಶರಾವತಿ ಕಡೆ ತಿರುಗಿದರೆ ಕಹಿ ಸತ್ಯ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ರಾಜ್ಯದ ಕಾರ್ಖಾನೆಗಳು ದಶಕಗಟ್ಟಲೆ ಓಡಿದ್ದರಲ್ಲಿ ಈ ಕರೆಂಟಿನ ಪಾಲು ದೊಡ್ಡದು. ಆದರೆ ವಿದ್ಯುದಾಗಾರ ನಡೆಸೋಕೆ ಜಾಸ್ತಿ ಜನ ಬೇಕಿಲ್ಲ. ಕಾರ್ಗಲ್‌ನಲ್ಲೊಂದು ಕಾಲೋನಿ ಬಂತು. ಕರೆಂಟು ತಂತಿ ಹಿಡಿದು ಹೊರಗೆ ಹೋಯಿತು, ಅದರಿಂದ ಹುಟ್ಟಿದ ದುಡ್ಡೂ ಹೋಯಿತು. ಮುಳುಗಡೆಯಾದವರು ಗಂಟುಮೂಟೆ ಕಟ್ಟಿ ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಂಚಿಗೆ ಬಂದರು. ಅವರಲ್ಲಿ ಅನೇಕರ ಜಮೀನಿನ ಹಕ್ಕಿನ ಗೋಳು ಇವತ್ತಿಗೂ ಮುಗಿದಿಲ್ಲ. ಸಂಪತ್ತು ಎಲ್ಲಿ ಹುಟ್ಟುತ್ತದೋ ಅಲ್ಲೇ ಅಭಿವೃದ್ಧಿ ಆಗುತ್ತದೆ ಅಂತ ನಂಬಿದವರು ಒಮ್ಮೆ ಕಾರ್ಗಲ್‌ಗೆ ಹೋಗಿ ಬರಬೇಕು. ಸಾಧಾರಣ ಬೆಳೆಯಾದ ಅಡಿಕೆ ಈ ಜಿಲ್ಲೆಯಲ್ಲಿ ಪೇಟೆಗಳನ್ನು ಬೆಳೆಸಿತು. ದೇಶಕ್ಕೇ ಹೆಸರಾದ ಜೋಗದ ಕರೆಂಟು ಅಷ್ಟು ಬೆಳೆಸಲಿಲ್ಲ.

ಒಂದೇ ಕಂಬದ ಊರು

ನಗರ ಅಂದರೆ ಶಾಶ್ವತ ಅಂತ ನಮಗೊಂದು ಭ್ರಮೆ. ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರು ಒಂದು ಕಾಲದಲ್ಲಿ ಬಿದನೂರು, ಕೆಳದಿ ಅರಸರ ರಾಜಧಾನಿ. ಕರಾವಳಿಗೂ ಘಟ್ಟಕ್ಕೂ ನಡುವಿನ ವ್ಯಾಪಾರವೆಲ್ಲ ಆ ದಾರಿಯಲ್ಲಿ ಹೋಗುತ್ತಿತ್ತು. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದ. ರಾಜಧಾನಿಯ ಪಟ್ಟ ಹೋಯಿತು, ವ್ಯಾಪಾರದ ದಾರಿಗಳು ಬದಲಾದವು. ಇವತ್ತು ಅಲ್ಲಿ ಕೋಟೆ ಇದೆ, ಊರು ಚಿಕ್ಕದು. ಅತ್ತ ಶಿವಮೊಗ್ಗಕ್ಕೆ 1899ರಲ್ಲಿ ಬೀರೂರಿನಿಂದ ರೈಲು ಬಂತು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ, ಪಕ್ಕದಲ್ಲಿ ತುಂಗೆ, ಜೊತೆಗೆ ರೈಲು ಬೇರೆ. ಘಟ್ಟದ ಅಡಿಕೆ, ಅಕ್ಕಿ, ಮರ ಇಳಿಸಿ, ಬಯಲಿನ ಬಟ್ಟೆ, ಬೇಳೆ, ಎಣ್ಣೆ ಏರಿಸಲು ಇದಕ್ಕಿಂತ ಅನುಕೂಲದ ಜಾಗ ಇರಲಿಲ್ಲ.

ಭದ್ರಾವತಿಯದ್ದು ಬೇರೆ ಕಥೆ. ಅದು ದಾರಿಯಿಂದ ಬೆಳೆದ ಊರಲ್ಲ, ಸರ್ಕಾರ ಬೆಳೆಸಿದ ಊರು. ಬೆಂಕಿಪುರ ಅನ್ನುತ್ತಿದ್ದ ಜಾಗದಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. ಹಿಂದೆ ವಿಶ್ವೇಶ್ವರಯ್ಯನವರ ಹಟ ಇತ್ತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಇದ್ದಿಲು, ಭದ್ರೆಯ ನೀರು. 1923ರಲ್ಲಿ ಕಬ್ಬಿಣ ಹೊರಬಂತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಸೇರಿಕೊಂಡಿತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಸೈರನ್ ಸದ್ದಿಗೆ ಏಳುವ ಮಲಗುವ ಜನ. ಎಷ್ಟೋ ಮನೆಗಳಲ್ಲಿ ಅಪ್ಪ, ಮಗ, ಮೊಮ್ಮಗ ಮೂವರೂ ಒಂದೇ ಗೇಟಿನ ಒಳಗೆ ದುಡಿದವರು.

ಆಮೇಲೆ ಕಾಲ ಬದಲಾಯಿತು. ಇದ್ದಿಲಿನ ಕುಲುಮೆಗೆ ಕಾಡು ಸಾಲಲಿಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಗಳ ಬೆಲೆಗೆ ಪೈಪೋಟಿ ಕೊಡಲಾಗಲಿಲ್ಲ. ಯಂತ್ರ ಹಳೆಯದಾಯಿತು, ಹೊಸ ಬಂಡವಾಳ ಬರಲಿಲ್ಲ. ಕಾಗದದ ಕಾರ್ಖಾನೆ ನಿಂತೇಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಒಂದು ಭಾಗ ಮತ್ತೆ ಓಡಿತು. ಊರಿನ ಮೇಲೆ ಆದ ಪರಿಣಾಮ ಜನಗಣತಿಯಲ್ಲೇ ಕಾಣುತ್ತದೆ: 2001ರಲ್ಲಿ 1.6 ಲಕ್ಷ ಇದ್ದ ಭದ್ರಾವತಿ 2011ಕ್ಕೆ 1.5 ಲಕ್ಷದ ಆಸುಪಾಸಿಗೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ಇಪ್ಪತ್ತು ಕಿಲೋಮೀಟರ್ ಆಚೆಯ ಶಿವಮೊಗ್ಗ 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು.

ಶಿವಮೊಗ್ಗದವರು ಹೆಚ್ಚು ಜಾಣರು ಅಂತಲ್ಲ. ಇಲ್ಲಿ ಕಂಬಗಳು ಹಲವು. ಅಡಿಕೆ ಬಿದ್ದ ವರ್ಷ ಆಸ್ಪತ್ರೆ ಇದೆ, ಅಕ್ಕಿ ಗಿರಣಿ ಇದೆ, ಕಾಲೇಜು ಇದೆ. ಊರಾಚೆಯ ಕೈಗಾರಿಕಾ ಪ್ರದೇಶ ಮಾಚೇನಹಳ್ಳಿಯಲ್ಲಿ ಹಾಲಿನ ಡೇರಿ ಇದೆ, ಗಾರ್ಮೆಂಟ್ಸ್ ಇದೆ. ಅಲ್ಲಿನ ಮತ್ತು ಆಟೋ ಕಾಂಪ್ಲೆಕ್ಸಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಬಿಡಿಭಾಗ ವಾಹನ ಕಂಪನಿಗಳಿಗೆ ಹೋಗುತ್ತದೆ. ಕಬ್ಬಿಣ ಕರಗಿಸುವ ಕಸುಬು ಬಲ್ಲ ಜನ ಪಕ್ಕದ ಭದ್ರಾವತಿಯಲ್ಲೇ ಇದ್ದದ್ದು ಈ ಫೌಂಡ್ರಿಗಳಿಗೆ ಅನುಕೂಲವಾಯಿತು. ದೊಡ್ಡ ಕಾರ್ಖಾನೆ ಸೊರಗಿದರೂ ಅದು ಕಲಿಸಿದ ವಿದ್ಯೆ ಈ ಸೀಮೆಯಲ್ಲೇ ಉಳಿಯಿತು. ಹಾಗಾಗಿ ನೂರು ವರ್ಷದ ಆ ಹಟ ದಂಡ ಅಂತ ಹೇಳೋಕೆ ನನಗೆ ಮನಸ್ಸಾಗುವುದಿಲ್ಲ.

ದೇಶಕ್ಕೆ ಯಾಕೆ ಬೇಕು?

ಕರ್ನಾಟಕದಲ್ಲಿ ಬೆಂಗಳೂರಿನ ನಂತರದ ದೊಡ್ಡ ನಗರ ಹುಬ್ಬಳ್ಳಿ–ಧಾರವಾಡ. 2011ರಲ್ಲಿ ಅಲ್ಲಿ 9.4 ಲಕ್ಷ ಜನ. ಅಂದರೆ ಮೊದಲನೆಯದು ಎರಡನೆಯದರ ಒಂಬತ್ತು ಪಟ್ಟು! ಒಂದು ರಾಜ್ಯದ ಕೆಲಸ, ಕಾಲೇಜು, ಕೋರ್ಟು, ಕಂಪನಿ ಎಲ್ಲ ಒಂದೇ ಕಡೆ ಗುಡ್ಡೆ ಬಿದ್ದಾಗ ಎರಡೂ ಕಡೆ ನಷ್ಟ. ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಕಾವೇರಿ ನೀರನ್ನು ಪಂಪ್ ಮಾಡಿಕೊಂಡು ಕುಡಿಯುತ್ತದೆ. ಅಲ್ಲಿಗೆ ಹೋಗುವ ಪ್ರತಿ ಹೊಸ ಮನೆಗೂ ನೀರು, ರಸ್ತೆ, ಮೆಟ್ರೊ ಒದಗಿಸುವ ಖರ್ಚು ಏರುತ್ತಲೇ ಹೋಗುತ್ತದೆ. ಶಿವಮೊಗ್ಗಕ್ಕೆ ತುಂಗೆ ಮನೆ ಬಾಗಿಲಲ್ಲೇ ಇದ್ದಾಳೆ. ಗಾಜನೂರಿನಿಂದ ನೀರು ಬರುತ್ತದೆ. ಇಲ್ಲಿ ಒಂದು ಸಾವಿರ ಉದ್ಯೋಗ ಹುಟ್ಟಿಸೋಕೆ ಬೇಕಾಗುವ ಜಾಗ, ನೀರು, ಓಡಾಟ ಎಲ್ಲ ಅಗ್ಗ.

ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳುತ್ತಲೇ ಊರಿನ ಚರಂಡಿಯನ್ನು ಅದೇ ತುಂಗೆಗೆ ಬಿಡುತ್ತಿದ್ದೇವೆ ಅನ್ನೋದೂ ನಿಜ. ಸಣ್ಣ ನಗರ ಅಂದ ಮಾತ್ರಕ್ಕೆ ಚೊಕ್ಕ ಅಂತ ಅಂದುಕೊಳ್ಳಬೇಡಿ.

ಕಲಿಯೋಕೆ ಇಲ್ಲಿ ಕೊರತೆ ಇಲ್ಲ. 1940ರಷ್ಟು ಹಿಂದೆಯೇ ಶುರುವಾದ ಸಹ್ಯಾದ್ರಿ ಕಾಲೇಜು, 1987ರಲ್ಲಿ ಶಂಕರಘಟ್ಟದಲ್ಲಿ ಆದ ಕುವೆಂಪು ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜು, ಮೆಗ್ಗಾನ್ ಆಸ್ಪತ್ರೆಗೆ ಹೊಂದಿದ ವೈದ್ಯಕೀಯ ಕಾಲೇಜು, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಎಲ್ಲ ಇವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದರ ಬೆಲೆ ಬೇರೆಯೇ. 'ಬೆಂಗಳೂರು ಬೇಡ, ಶಿವಮೊಗ್ಗ ಆದರೆ ಹಾಸ್ಟೆಲ್‌ಗೆ ಬಿಡ್ತೀನಿ' ಅನ್ನುವ ಅಪ್ಪಂದಿರು ಈ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು. ಹತ್ತಿರದಲ್ಲಿ ಕಾಲೇಜು ಇಲ್ಲದಿದ್ದರೆ ಆ ಮಗಳ ಓದು ಪಿಯುಸಿಗೇ ಮುಗಿಯುತ್ತಿತ್ತು.

ಸಿಕ್ಕಿಹಾಕಿಕೊಂಡಿರೋದು ಓದಿದ ಮೇಲೆ. ಭಾನುವಾರ ರಾತ್ರಿಯ ಬಸ್ಸು, ಸೋಮವಾರ ಬೆಳಗಿನ ಜನಶತಾಬ್ದಿ ತುಂಬಿ ಹೋಗುವುದು ಯಾರಿಂದ ಅಂತ ಎಲ್ಲರಿಗೂ ಗೊತ್ತು. ಈ ನಗರ ಮಕ್ಕಳನ್ನು ಬೆಳೆಸಿ, ಓದಿಸಿ, ಬೆಂಗಳೂರಿಗೆ ಕಳಿಸುತ್ತದೆ. ಓದಿಸಿದ ಖರ್ಚು ಇಲ್ಲಿನದು, ದುಡಿಮೆಯ ತೆರಿಗೆ ಅಲ್ಲಿನದು. ತೋಟದ ಮನೆಯಲ್ಲಿ ಉಳಿದದ್ದು ಅಪ್ಪ ಅಮ್ಮ, ಜೊತೆಗೊಂದು ನಾಯಿ.

ಹೆಸರಿಲ್ಲದ ಪೇಟೆಗಳು

ಜನಗಣತಿಯವರು ಒಂದು ಹಳ್ಳಿಯನ್ನು ಪಟ್ಟಣ ಅಂತ ಕರೆಯೋಕೆ ಮೂರು ಷರತ್ತು ಇಟ್ಟಿದ್ದಾರೆ. ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. 2001ರಲ್ಲಿ ದೇಶದಲ್ಲಿ ಇಂಥ 'ಜನಗಣತಿ ಪಟ್ಟಣ' 1,362 ಇದ್ದವು. 2011ಕ್ಕೆ 3,894 ಆದವು. ಲೆಕ್ಕದಲ್ಲಿ ಪಟ್ಟಣ, ಆದರೆ ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದ್ದೇ. ದೇಶ ನಗರವಾಗುತ್ತಿರೋದು ಮುಂಬೈ, ದೆಹಲಿಯಲ್ಲಿ ಮಾತ್ರ ಅಲ್ಲ, ಹೆಸರೇ ಕೇಳದ ಇಂಥ ಸಾವಿರಾರು ಊರುಗಳಲ್ಲಿ.

ಮಲೆನಾಡು ಈ ಅಳತೆಗೂ ಸಿಗುವುದಿಲ್ಲ. ಇಲ್ಲಿ ಮನೆಗಳು ಗುಂಪಾಗಿಲ್ಲ. ಒಂದು ತೋಟಕ್ಕೆ ಒಂದು ಮನೆ, ನಡುವೆ ಗುಡ್ಡ, ಹಳ್ಳ. 400ರ ಸಾಂದ್ರತೆ ಎಲ್ಲಿಂದ ಬರಬೇಕು? ಬ್ಯಾಂಕು, ಬೇಕರಿ, ಮೊಬೈಲ್ ಅಂಗಡಿ, ಕ್ಲಿನಿಕ್ಕು ಎಲ್ಲ ಇದ್ದರೂ ಸರ್ಕಾರಿ ಕಡತದಲ್ಲಿ ಹಳ್ಳಿ. ಹಾಗಾಗಿ ಒಳಚರಂಡಿಗೆ, ಕಸಕ್ಕೆ ದುಡ್ಡು ಹಳ್ಳಿಯ ಲೆಕ್ಕದಲ್ಲೇ ಬರುತ್ತದೆ.

ಯಜಮಾನ ಯಾರು?

ಸಣ್ಣ ನಗರಗಳಿಗೆ ಯೋಜನೆಗಳೇ ಬಂದಿಲ್ಲ ಅಂತಲ್ಲ. 1979ರಲ್ಲೇ ಕೇಂದ್ರ ಸರ್ಕಾರ ಸಣ್ಣ ಮತ್ತು ಮಧ್ಯಮ ಪಟ್ಟಣಗಳಿಗೆಂದು ಯೋಜನೆ ತಂದಿತ್ತು. 2005ರ ನಗರ ನವೀಕರಣ ಯೋಜನೆಯ ಮುಖ್ಯ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು, ಮೈಸೂರು ಎರಡೇ. 2015ರ ಸ್ಮಾರ್ಟ್ ಸಿಟಿಯಲ್ಲಿ ಶಿವಮೊಗ್ಗಕ್ಕೆ 2016ರ ಸೆಪ್ಟೆಂಬರಿನ ಸುತ್ತಿನಲ್ಲಿ ಜಾಗ ಸಿಕ್ಕಿತು. ರಸ್ತೆ ಅಗೆದರು, ಫುಟ್‌ಪಾತ್ ಮಾಡಿದರು, ಕೇಬಲ್ಲು ನೆಲದಡಿ ಹೋಯಿತು, ತುಂಗೆಯ ದಂಡೆಗೆ ಹೊಸ ರೂಪ ಬಂತು. ಕೆಲವು ಚೆನ್ನಾಗಿವೆ, ಸುಮ್ನೆ ಹೇಳಬಾರದು. ಆದರೆ ಆ ದುಡ್ಡಿನ ಬಹುಪಾಲು ಊರನ್ನು ನೋಡೋಕೆ ಚೆಂದ ಮಾಡಲು ಹೋಯಿತೇ ಹೊರತು, ಹೊರಗಿನಿಂದ ಬರುವವರ ಕೆಲಸ ಬೇಗ ಮುಗಿಯುವಂತೆ ಮಾಡಲು ಅಲ್ಲ. ಖಾಸಗಿ ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಕಾಯುವ ಹೆಂಗಸಿಗೆ ಶೌಚಾಲಯ, ಕುಡಿಯುವ ನೀರು, ಕೂರೋಕೆ ಒಂದು ಬೆಂಚು, ಇವೇ ದೊಡ್ಡ ಸ್ಮಾರ್ಟ್.

ಯಾಕೆ ಹೀಗಾಗುತ್ತದೆ? 1992ರ 74ನೇ ಸಂವಿಧಾನ ತಿದ್ದುಪಡಿ ನಗರಸಭೆ, ಪಾಲಿಕೆಗಳಿಗೆ 18 ವಿಷಯಗಳ ಪಟ್ಟಿ ಕೊಟ್ಟಿತು. ಕಾಗದದಲ್ಲಿ. ನಿಜದಲ್ಲಿ ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ದೊಡ್ಡ ನೀರಿನ ಯೋಜನೆ ರಾಜ್ಯ ಮಂಡಳಿಯದ್ದು, ಸ್ಮಾರ್ಟ್ ಸಿಟಿಗೆ ಬೇರೆಯೇ ಕಂಪನಿ, ಕಮಿಷನರನ್ನು ಕಳಿಸೋದು ರಾಜ್ಯ ಸರ್ಕಾರ. ಮೇಯರ್ ಕುರ್ಚಿಯ ಅವಧಿ ಒಂದೇ ವರ್ಷ, ಕಡತ ಅರ್ಥ ಆಗುವ ಹೊತ್ತಿಗೆ ಹಾರ ಇನ್ನೊಬ್ಬರಿಗೆ. ಶಿವಮೊಗ್ಗದಲ್ಲಿ 2018ರಲ್ಲಿ ಗೆದ್ದ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರಿಗೆ ಮುಗಿಯಿತು, ಆಮೇಲೆ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ದುಡ್ಡಿನ ವಿಷಯವೂ ಹೀಗೇ. ಆಸ್ತಿ ತೆರಿಗೆ ಬಿಟ್ಟರೆ ಸ್ವಂತದ್ದು ಅಂತ ಹೇಳಿಕೊಳ್ಳೋಕೆ ದೊಡ್ಡ ಆದಾಯ ಇಲ್ಲ. ಹಳ್ಳಿಗಳಿಂದ ಬಂದು ಹೋಗುವವರ ಭಾರ ಊರಿನ ಮೇಲಿದೆ. ಆದರೆ ಅನುದಾನದ ಲೆಕ್ಕ ಹಾಕುವಾಗ ಎಣಿಸೋದು ಊರಲ್ಲಿ ವಾಸ ಇರುವವರನ್ನು.

ಸೋಗಾನೆಯ ವಿಮಾನ ನಿಲ್ದಾಣದ ಬಗ್ಗೆ ಎರಡು ಮಾತು. 2023ರ ಫೆಬ್ರುವರಿ 27ರಂದು ಉದ್ಘಾಟನೆ ಆಯಿತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಕುವೆಂಪು ಅವರ ಹೆಸರು, 3.2 ಕಿಲೋಮೀಟರ್ ರನ್‌ವೇ. ಹೊರಗಿನ ಕಂಪನಿ ಇಲ್ಲಿ ಜಾಗ ನೋಡೋಕೆ ಬರಬೇಕಾದರೆ ಇದು ಬೇಕು, ನಾನು ಬೇಡ ಅನ್ನುವವನಲ್ಲ. ಆದರೆ ಈ ಸೀಮೆಯನ್ನು ಕಟ್ಟಿಕೊಟ್ಟಿರೋದು ಬಸ್ಸು. ಮಲೆನಾಡಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಜನರ ಜೊತೆ ಔಷಧಿ, ಪೇಪರ್ ಬಂಡಲ್, ಪಂಪಿನ ಬಿಡಿಭಾಗ, ಲಗ್ನಪತ್ರಿಕೆ ಎಲ್ಲ ಸಾಗಿಸುತ್ತಾನೆ. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಘಟ್ಟದ ಎಷ್ಟೋ ಒಳದಾರಿಗಳಿಗೆ ಪೇಟೆ ಇದ್ದಕ್ಕಿದ್ದಂತೆ ದೂರವಾಯಿತು. ಪೇಟೆ ಇದ್ದಲ್ಲೇ ಇತ್ತು. ದೂರ ಆದದ್ದು ಬಸ್ಸು ಇಲ್ಲದ್ದಕ್ಕೆ.

ಇದಕ್ಕೆ ತದ್ವಿರುದ್ಧವಾದದ್ದು ಈಗ ಸಾಗರದಲ್ಲಿ ಆಗುತ್ತಿದೆ. ಲಿಂಗನಮಕ್ಕಿ ಹಿನ್ನೀರಿನ ಆಚೆ ತುಮರಿ ಸೀಮೆಯ ಜನ ದಶಕಗಟ್ಟಲೆ ಲಾಂಚ್ ನಂಬಿಕೊಂಡು ಬದುಕಿದರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಸುತ್ತುದಾರಿಯೇ ಗತಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರ್‌ಗಿಂತ ಉದ್ದದ ಸೇತುವೆ ತೆರೆಯಿತು. ಸುದ್ದಿಯಲ್ಲಿ ಬಂದದ್ದೆಲ್ಲ ಸಿಗಂದೂರಿಗೆ ಹೋಗುವ ಭಕ್ತರ ಫೋಟೊ. ಹೊಳೆಯಾಚೆಯ ಊರುಗಳು ಈಗ ರಾತ್ರಿಯೂ ಸಾಗರದ ಆಸ್ಪತ್ರೆಗೆ ಬರಬಹುದು ಅನ್ನೋದು ಅಷ್ಟು ಸುದ್ದಿಯಾಗಲಿಲ್ಲ. ಹಾಗೆ ಬರುವವರು ಸಾಗರದ ಜನಸಂಖ್ಯೆಯ ಲೆಕ್ಕದಲ್ಲಿ ಸೇರುವುದಿಲ್ಲ. ಆದರೂ ಹೆರಿಗೆ ವಾರ್ಡಿನ ಹಾಸಿಗೆ, ರಾತ್ರಿ ಪಾಳಿಯ ಡಾಕ್ಟರು, ಕಾಲೇಜಿನ ಸೀಟು, ತುಮರಿಗೆ ಕೊನೆಯ ಬಸ್ಸಿನ ಹೊತ್ತು, ಇವನ್ನೆಲ್ಲ ಅವರನ್ನೂ ಸೇರಿಸಿಕೊಂಡೇ ಹೊಸದಾಗಿ ಗೊತ್ತುಮಾಡಬೇಕು. ಸಾಗರದ ಮುಂದಿನ ಬಜೆಟ್‌ನಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.